ಬಂಡೆಯ ಬಿರುಕಿಗೆ ಗೆರೆ ಎಳೆದ ಬಗೆ

ಬಂಡೆಯ ಬಿರುಕು ಬಹಳಷ್ಟು ಕಡೆ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಮಣ್ಣಿದೆ, ಬೆಳೆಯಿದೆ, ಊರಿದೆ. ಆದರೆ ಸೀಳಿದ ಕಲ್ಲು ಬೇಗ ಶಿಥಿಲವಾಗುತ್ತದೆ. ಅಲ್ಲಿ ನೆಲ ತುಸು ತಗ್ಗುತ್ತದೆ, ತೇವ ನಿಲ್ಲುತ್ತದೆ, ಸುತ್ತಲಿನ ಹುಲ್ಲು ಒಣಗಿದ ಮೇಲೂ ಹಸಿರು ಉಳಿಯುತ್ತದೆ. ಹೊಲದಲ್ಲಿ ನಿಂತವರಿಗೆ ಕಾಣುವುದು ಇಲ್ಲೊಂದು ಪೊದೆ, ಅಲ್ಲೊಂದು ನೆಟ್ಟಗೆ ಹರಿಯುವ ಹಳ್ಳ. ಮೇಲಿನಿಂದ ನೋಡಿದರೆ ಇವೆಲ್ಲ ಸೇರಿ ಒಂದೇ ಗೆರೆ.

ಇಂಥ ಗೆರೆಗೆ ‘ಲೀನಿಯಮೆಂಟ್’ ಎಂಬ ಹೆಸರು ಭೂವಿಜ್ಞಾನದಲ್ಲಿ ಬಂದದ್ದು 1904ರಲ್ಲಿ, ಅಮೆರಿಕದ ವಿಲಿಯಂ ಹಾಬ್ಸ್ ಅವರಿಂದ. ರೈಟ್ ಸಹೋದರರು ಹಾರಿದ ಮರುವರ್ಷ ಅದು. ಹಾಬ್ಸ್ ಮುಂದಿದ್ದದ್ದು ಕಾಗದದ ನಕ್ಷೆಗಳು. ವೈಮಾನಿಕ ಚಿತ್ರಗಳಲ್ಲಿ ಬಿರುಕಿನ ಜಾಡು ಗುರುತಿಸುವ ಕ್ರಮವನ್ನು 1958ರಲ್ಲಿ ಲಾರೆನ್ಸ್ ಲ್ಯಾಟ್‌ಮನ್ ಬರೆದಿಟ್ಟರು. ಒಂದು ಮೈಲಿಗಿಂತ ಚಿಕ್ಕದು ಬಿರುಕಿನ ಜಾಡು, ಉದ್ದದ್ದು ಲೀನಿಯಮೆಂಟ್ ಎಂದು ವಿಂಗಡಿಸಿದರು. ಈ ಕ್ರಮಕ್ಕೆ ಬೆಲೆ ಬಂದದ್ದು ನೀರಿನಿಂದ. 1964ರಲ್ಲಿ ಲ್ಯಾಟ್‌ಮನ್ ಮತ್ತು ರಿಚರ್ಡ್ ಪ್ಯಾರಿಜೆಕ್, ಪೆನ್ಸಿಲ್ವೇನಿಯಾದ ಸುಣ್ಣಕಲ್ಲಿನ ಸೀಮೆಯಲ್ಲಿ ಜಾಡಿನ ಮೇಲೆ ಕೊರೆದ ಬಾವಿಗಳು ಪಕ್ಕದವುಗಳಿಗಿಂತ ಹೆಚ್ಚು ನೀರು ಕೊಡುತ್ತವೆಂದು ತೋರಿಸಿದರು.

1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿತು. ಒಂದೊಂದು ಚಿತ್ರವೂ 185 ಕಿ.ಮೀ. ಅಗಲ, ಊರೂರು ದಾಟುವ ಗೆರೆಗಳು ಒಮ್ಮೆಗೇ ಕಂಡವು. ಸಂಭ್ರಮವೂ ಅತಿಯಾಯಿತು. ರಸ್ತೆ, ಬೇಲಿ, ವಿದ್ಯುತ್ ತಂತಿಯ ಸಾಲು ಕೂಡ ಬಿರುಕಾಗಿ ನಕ್ಷೆಗೇರಿದವು. ಒಂದೇ ಚಿತ್ರಕ್ಕೆ ಇಬ್ಬರು ಎಳೆದ ಗೆರೆಗಳು ತಾಳೆಯಾಗುತ್ತಿರಲಿಲ್ಲ. ಬಿಸಿಲೂ ಮೋಸ ಮಾಡುತ್ತಿತ್ತು: ಬೆಳಗಿನ ಸೂರ್ಯ ಆಗ್ನೇಯದಲ್ಲಿರುವಾಗ ಈಶಾನ್ಯ–ನೈಋತ್ಯದ ಗೆರೆಗಳು ನೆರಳಿನಿಂದ ಎದ್ದು ಕಾಣುತ್ತವೆ, ಬಿಸಿಲಿನ ದಿಕ್ಕಿಗೇ ಮಲಗಿದವು ಮಾಯ. 2000ದಲ್ಲಿ ಬಾಹ್ಯಾಕಾಶ ನೌಕೆಯೊಂದರ ರೇಡಾರ್ ನೆಲದ ಏರಿಳಿತ ಅಳೆದ ಮೇಲೆ, ಕಂಪ್ಯೂಟರಿನಲ್ಲಿ ಬೇಕಾದ ದಿಕ್ಕಿನಿಂದ ಬೆಳಕು ಬಿಟ್ಟು ನೋಡುವುದು ಸುಲಭವಾಯಿತು.

ಕರ್ನಾಟಕದ ಬಹುಭಾಗದಲ್ಲಿ ಅಡಿಗಿರುವುದು ಗ್ರಾನೈಟ್, ನೈಸ್‌ನಂಥ ಗಟ್ಟಿಕಲ್ಲು. ಶಿಥಿಲ ಪದರ ದಾಟಿದರೆ ನೀರಿಗೆ ಬಿರುಕೇ ಮನೆ. 1988ರಲ್ಲಿ ನೆಲದ ಚಿತ್ರ ತೆಗೆಯುವ ಭಾರತದ ಉಪಗ್ರಹ ಐಆರ್‌ಎಸ್-1ಎ ಕಕ್ಷೆ ಸೇರಿತು. ಕುಡಿಯುವ ನೀರಿನ ಯೋಜನೆಗಾಗಿ ತಯಾರಾದ ಅಂತರ್ಜಲ ನಕ್ಷೆಗಳಲ್ಲಿ ಉಪಗ್ರಹ ಚಿತ್ರದಿಂದ ತೆಗೆದ ಲೀನಿಯಮೆಂಟ್‌ಗಳೂ ಸೇರಿದವು. ತೆಂಗಿನಕಾಯಿ ಹಿಡಿದು ಕೊಳವೆಬಾವಿಗೆ ಪಾಯಿಂಟ್ ಮಾಡುವವರ ಕೆಲಸ ಇದರಿಂದೇನೂ ನಿಂತಿಲ್ಲ.

ಗೆರೆ ಸಿಕ್ಕರೆ ನೀರು ಸಿಕ್ಕಿತೆಂದಲ್ಲ. ಬಂಡೆಯ ಸೀಳಿನಲ್ಲಿ ಶಿಲಾರಸ ಗಟ್ಟಿಯಾಗಿ ನಿಂತ ಕಪ್ಪುಕಲ್ಲಿನ ಪಟ್ಟಿ, ಅಂದರೆ ಡೈಕ್, ಕೂಡ ನೇರ ಗೆರೆಯಾಗಿಯೇ ಕಾಣುತ್ತದೆ. ಅದು ಎಷ್ಟೋ ಕಡೆ ನೀರಿಗೆ ಅಡ್ಡಗೋಡೆ. ಅದಕ್ಕೇ ಕೊರೆಯುವ ಮುನ್ನ ನೆಲಕ್ಕೆ ಲೋಹದ ಗೂಟ ನೆಟ್ಟು, ಕರೆಂಟ್ ಹರಿಸಿ ರೋಧ ಅಳೆಯುತ್ತಾರೆ. ನೀರು ತುಂಬಿದ ಬಿರುಕಿನಲ್ಲಿ ರೋಧ ಕಡಿಮೆ. ಜೇಡಿಮಣ್ಣು ತುಂಬಿದ್ದರೂ ಕಡಿಮೆಯೇ.