ಮನೆ ಬಾಡಿಗೆಗೆ ಬ್ರೋಕರ್ ಬೇಕಾ?

ಸಂಘದ ಸಾಲದಲ್ಲಿ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸಿದವರು ನಮ್ಮಲ್ಲಿದ್ದಾರೆ. ಬಾಡಿಗೆಗೆ ಕೊಡಲು ಬ್ರೋಕರ್ ಹಿಡಿಯಬೇಕಾ ಎಂದು ಕೇಳುತ್ತಾರೆ. ಬೆಂಗಳೂರಿನಂಥ ಕಡೆ ಕಮಿಷನ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ. ಬಾಡಿಗೆ 3,000 ಆದರೆ ವರ್ಷದ 36,000ದಲ್ಲಿ 3,000 ಅಲ್ಲೇ ಹೋಯಿತು. ಸಾಲದ ಕಂತು ಮಾತ್ರ ಕಾಯುವುದಿಲ್ಲ! ಜನರನ್ನು ಕರೆತಂದರೆ ಅವನ ಕೆಲಸ ಮುಗಿಯಿತು. ಬಾಡಿಗೆ ಬಾಕಿಯಾದರೆ, ನಲ್ಲಿ ಕೆಟ್ಟರೆ ಓಡಾಡುವವರು ನಾವೇ.

ಪಕ್ಕದಲ್ಲೇ ವಾಸವಿದ್ದರೆ ಗೇಟಿಗೆ ಬೋರ್ಡು ಹಾಕಿ, ಸಂಘದ ಸಭೆಯಲ್ಲೂ ಹೇಳಿ. ಮನೆ ದೂರದ ಪಟ್ಟಣದಲ್ಲಿದ್ದರೆ ಬ್ರೋಕರ್ ಬೇಕಾಗಬಹುದು. ಆಗ ಕಮಿಷನ್ ಮೊದಲೇ ಮಾತಾಡಿಕೊಳ್ಳಿ. ಬಾಡಿಗೆದಾರರ ಗುರುತಿನ ಚೀಟಿಯನ್ನು ನೀವೇ ನೋಡಿ. ಕರಾರುಪತ್ರಕ್ಕೆ ಓದದೆ ಸಹಿ ಬೇಡ. ಕರಾರು ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. 11 ತಿಂಗಳಿಗೆ ಬರೆಯುವ ರೂಢಿ ಬಂದದ್ದು ಅದಕ್ಕೇ. ಅಡ್ವಾನ್ಸ್ ಹಣ ಬ್ರೋಕರ್ ಕೈಗಲ್ಲ, ನಿಮ್ಮ ಬ್ಯಾಂಕ್ ಖಾತೆಗೇ ಬರಲಿ.