ತುಣುಕಿನಲ್ಲಿ ಸ್ನಾಯು ಇದೆಯೇ?

ಬೀದರ್, ಕಲಬುರಗಿ, ರಾಯಚೂರು ಕಡೆಯವರು ದೊಡ್ಡ ಕಾಯಿಲೆಗೆ ಹೈದರಾಬಾದಿನ ದಾರಿ ಹಿಡಿಯುವುದು ಹಳೆಯ ರೂಢಿ. ಪಂಜಾಗುಟ್ಟದ ನಿಮ್ಸ್, ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಈ ಕಡೆಯ ಹಳ್ಳಿಗಳಿಗೂ ಗೊತ್ತು. ಮೂತ್ರದಲ್ಲಿ ನೋವಿಲ್ಲದೆ ರಕ್ತ ಹೋಗುತ್ತಿದ್ದರೆ ವೈದ್ಯರು ಸ್ಕ್ಯಾನ್ ಮಾಡಿಸಿ, ಮೂತ್ರದ ದಾರಿಯ ಮೂಲಕ ದುರ್ಬೀನು ಹಾಕಿ ನೋಡುತ್ತಾರೆ. ಮೂತ್ರಕೋಶದಲ್ಲಿ ಗಡ್ಡೆ ಕಂಡರೆ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ. ಮನೆಯವರು ಹಿಂಜರಿಯುವುದು ಇಲ್ಲಿಯೇ: "ಗಡ್ಡೆ ಮುಟ್ಟಿದರೆ ಹರಡುತ್ತದಂತೆ, ಹೌದಾ ಡಾಕ್ಟ್ರೇ?"

ಮೂತ್ರಕೋಶದ ಗಡ್ಡೆಗೆ ಹೊಟ್ಟೆಯ ಮೇಲಿನಿಂದ ಸೂಜಿ ಚುಚ್ಚುವುದಿಲ್ಲ. ಮೂತ್ರದ ದಾರಿಯಲ್ಲೇ ಉಪಕರಣ ಒಳಗಿಳಿಸಿ ಗಡ್ಡೆಯನ್ನು ಕೆರೆದು ತೆಗೆಯುತ್ತಾರೆ. ಆರಂಭದ ಹಂತದಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಇದೊಂದೇ ಕೆಲಸ. ಕೆರೆಯುವಾಗ ಕಳಚಿ ತೇಲಾಡುವ ಗಡ್ಡೆಯ ಕೋಶಗಳು ಒಳಗೋಡೆಗೆ ಮತ್ತೆ ಅಂಟಿಕೊಳ್ಳಬಹುದು ಎಂಬುದು ನಿಜ. ಅದಕ್ಕೇ, ತಕ್ಕ ರೋಗಿಗಳಿಗೆ 24 ಗಂಟೆಯೊಳಗೆ ಮೂತ್ರಕೋಶಕ್ಕೆ ಒಂದು ಸಲ ಔಷಧಿ ತುಂಬುತ್ತಾರೆ.

ಆದರೆ ನಾನು ಎಷ್ಟು ಹೇಳಿದರೂ ಸಾಲದೆನಿಸುವ ಸಂಗತಿ ಬೇರೆ. ಮೂತ್ರಕೋಶದ ಗೋಡೆಯಲ್ಲಿ ಸುಣ್ಣ, ಗಿಲಾವು, ಇಟ್ಟಿಗೆ ಇದ್ದಂತೆ ಪದರಗಳಿವೆ: ತೆಳುವಾದ ಒಳಪೊರೆ, ಅದರಡಿಯ ಮೆತ್ತನೆ ಪದರ, ಆಮೇಲೆ ದಪ್ಪ ಸ್ನಾಯು. ಹೊಸದಾಗಿ ಪತ್ತೆಯಾಗುವ ನಾಲ್ಕರಲ್ಲಿ ಸುಮಾರು ಮೂರು ಗಡ್ಡೆಗಳು ಸ್ನಾಯುವನ್ನು ಮುಟ್ಟಿರುವುದಿಲ್ಲ. ಅಂಥವರ ಮೂತ್ರಕೋಶವನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ಸ್ನಾಯುವಿಗೆ ಬೇರು ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯುವ ಮಾತು, ಇಲ್ಲವೇ ಕೀಮೋ, ವಿಕಿರಣದ ಮಾತು ಬರುತ್ತದೆ. ಬೇರು ಸ್ನಾಯುವಿಗೆ ಇಳಿದಿದೆಯೇ ಎಂಬುದನ್ನು ಸ್ಕ್ಯಾನ್ ಖಚಿತವಾಗಿ ಹೇಳಲಾರದು. ಸೂಕ್ಷ್ಮದರ್ಶಕದಡಿ ತುಣುಕೇ ಹೇಳಬೇಕು. ಆ ತುಣುಕಿನಲ್ಲಿ ಸ್ನಾಯುವೇ ಬಂದಿರದಿದ್ದರೆ? "ಸ್ನಾಯುವಿನಲ್ಲಿ ಕ್ಯಾನ್ಸರ್ ಕಂಡಿಲ್ಲ" ಎಂಬ ಮಾತಿಗೆ ಆಗ ಅರ್ಥವೇ ಇಲ್ಲ. ನೋಡಲು ಸ್ನಾಯು ಸಿಕ್ಕಿರಲೇ ಇಲ್ಲವಲ್ಲ! ಮೇಲ್ಪದರದ್ದು ಎಂದುಕೊಂಡ ರೋಗ ಆಳದಲ್ಲಿ ಬೆಳೆಯುತ್ತಿರಬಹುದು.

ಆದ್ದರಿಂದ ಗಡ್ಡೆ ಎರಡನೆಯ ಪದರಕ್ಕೆ ಇಳಿದಿದ್ದರೆ, ಅಥವಾ ಅಪಾಯದ ಲಕ್ಷಣವಿದ್ದೂ ತುಣುಕಿನಲ್ಲಿ ಸ್ನಾಯು ಇಲ್ಲದಿದ್ದರೆ, 2ರಿಂದ 6 ವಾರದೊಳಗೆ ಮತ್ತೊಮ್ಮೆ ಕೆರೆದು ನೋಡುತ್ತಾರೆ. "ಮೊದಲನೆಯದು ಕೆಟ್ಟಿತು, ಅದಕ್ಕೇ ಎರಡನೆಯದು" ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಹಾಗಲ್ಲ, ಇದು ಚಿಕಿತ್ಸೆಯ ಕ್ರಮವೇ. ಕ್ಷಯದ ಲಸಿಕೆಯಾದ ಬಿಸಿಜಿಯನ್ನು ಮೂತ್ರಕೋಶಕ್ಕೆ ತುಂಬಿ ಕ್ಯಾನ್ಸರ್ ಮರುಕಳಿಸದಂತೆ ತಡೆಯಬಹುದೆಂದು ಕೆನಡಾದ ಆಲ್ವಾರೊ ಮೊರಾಲಿಸ್ 1976ರಲ್ಲಿ ತೋರಿಸಿಕೊಟ್ಟರು. ಎಂಥ ಸೊಗಸಾದ ಶೋಧ! ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದೂ ಈ ತುಣುಕಿನ ಮೇಲೆಯೇ.

ವರದಿ ಕೈಗೆ ಬಂದಾಗ "ಸ್ನಾಯು ಸಿಕ್ಕಿದೆಯೇ?" ಎಂದು ಸಂಕೋಚಪಡದೆ ಕೇಳಿ. ಆಪರೇಷನ್ ಹೈದರಾಬಾದಿನಲ್ಲಾಗಿ ಮುಂದಿನ ತಪಾಸಣೆ ಕಲಬುರಗಿಯಲ್ಲಾದರೆ ಸ್ಲೈಡುಗಳನ್ನೂ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆದು ಜೊತೆಗೆ ಒಯ್ಯಿರಿ. ಆ ಬ್ಲಾಕುಗಳು ವರ್ಷಗಟ್ಟಲೆ ಕೆಡುವುದಿಲ್ಲ; ಆದ್ದರಿಂದ ಅಧ್ಯಯನಕ್ಕೂ ಒದಗುತ್ತವೆ. ಈ ರೋಗದ ಮುಖ್ಯ ಕಾರಣ ತಂಬಾಕಿನ ಹೊಗೆ. ಬೀಡಿ ಸೇದುವ ನಮ್ಮ ಕಡೆಯ ರೋಗಿಗಳ ಬ್ಲಾಕುಗಳನ್ನು ಅವರ ಚಟ, ಕಸುಬಿನ ವಿವರಗಳೊಂದಿಗೆ ಜೋಡಿಸಿ ಅಭ್ಯಸಿಸುವ ಕೆಲಸಕ್ಕೆ ವೈದ್ಯ ವಿದ್ಯಾರ್ಥಿಗಳು ಮುಂದೆ ಬರಬೇಕು.