ಕೆಮ್ಮಣ್ಣುಗುಂಡಿಯ ನೆತ್ತಿಯಲ್ಲಿ ಕಡಲ ತಳ

ತರೀಕೆರೆ ತಾಲ್ಲೂಕಿನ ಹೆಬ್ಬೆ ಜಲಪಾತವನ್ನು ಮಡಿಲಲ್ಲಿಟ್ಟುಕೊಂಡಿರುವ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹೊಸದಾಗಿ ಒಡೆದ ಅದಿರುಗಲ್ಲನ್ನು ಹತ್ತಿರದಿಂದ ನೋಡಿದರೆ, ಕಪ್ಪು ಪಟ್ಟೆಯ ಮೇಲೆ ಬಿಳಿ ಅಥವಾ ಕೆಂಪು ಪಟ್ಟೆ, ಅದರ ಮೇಲೆ ಮತ್ತೆ ಕಪ್ಪು ಪಟ್ಟೆ ಕೂತಿರುವುದು ಕಾಣುತ್ತದೆ. ಕಪ್ಪು ಪಟ್ಟೆ ಕಬ್ಬಿಣದ ಆಕ್ಸೈಡ್, ತಿಳಿ ಪಟ್ಟೆ ಬೆಣಚಿನ ಜಾತಿಯ ಸಿಲಿಕಾ. ನೀರಿನಲ್ಲಿ ಕರಗಿದ್ದ ಕಬ್ಬಿಣವು ಸುಮಾರು 270 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಪದರಪದರವಾಗಿ ನೆಲೆಗೊಂಡು ಗಟ್ಟಿಯಾದದ್ದೇ ಈ ಕಲ್ಲು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಇದೇ ಶ್ರೇಣಿಯ ಕೆಮ್ಮಣ್ಣುಗುಂಡಿಯ ಈ ಪದರಗಳಿಂದಲೇ.

ಕಡಲ ತಳ 1,400 ಮೀಟರಿಗೂ ಮೇಲಿನ ಬೆಟ್ಟವಾದುದಕ್ಕೆ ಕಾರಣ ಭೂಮಿಯ ಒಡಲಿನಲ್ಲಿದೆ. ಕೇಂದ್ರದವರೆಗಿನ 6,371 ಕಿ.ಮೀ. ಆಳದಲ್ಲಿ ನಾವು ನಿಂತಿರುವ ಭೂಕವಚ ಖಂಡಗಳ ಅಡಿಯಲ್ಲಿ ಬಹುಮಟ್ಟಿಗೆ 30ರಿಂದ 50 ಕಿ.ಮೀ. ಮಾತ್ರ, ಅದರ ಕೆಳಗೆ 2,900 ಕಿ.ಮೀ. ಆಳದವರೆಗೆ ಮ್ಯಾಂಟಲ್ ಎಂಬ ಬಿಸಿ ಶಿಲೆಯ ಪದರ, ಅಲ್ಲಿಂದಾಚೆ ದ್ರವರೂಪದ ಹೊರಗರ್ಭ, ನಟ್ಟನಡುವೆ ಘನವಾದ ಒಳಗರ್ಭ. ಮ್ಯಾಂಟಲ್ ಘನವೇ ಆದರೂ ಬಿಸಿಯಾದ ಭಾಗ ಮೇಲೇರುತ್ತ, ತಣಿದದ್ದು ಕೆಳಗಿಳಿಯುತ್ತ ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಹರಿಯುತ್ತದೆ. ಭೂಕವಚವೂ ಅದಕ್ಕೆ ಅಂಟಿದ ಮ್ಯಾಂಟಲಿನ ಮೇಲ್ಭಾಗವೂ ಸೇರಿದ ಗಟ್ಟಿ ತುಂಡುಗಳಿಗೆ ಭೂಫಲಕಗಳೆಂದು ಹೆಸರು. ತಣಿದು ಭಾರವಾದ ಸಾಗರ ಫಲಕದ ಅಂಚು ಮ್ಯಾಂಟಲಿನೊಳಗೆ ಮುಳುಗುತ್ತ ಉಳಿದ ಭಾಗವನ್ನು ತನ್ನ ಹಿಂದೆ ಸೆಳೆಯುವುದೇ ಅವುಗಳ ಚಲನೆಗೆ ಮುಖ್ಯ ಬಲ.

ಭೂಕವಚದ ಚಲನೆ ಪದರಗಳನ್ನು ಅಕ್ಕಪಕ್ಕದಿಂದ ಒತ್ತುತ್ತದೆ; ಬಾಬಾಬುಡನ್ ಪದರಗಳು ಇಂಥ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡವು. ಶ್ರೇಣಿಗೆ ಕುದುರೆಲಾಳದ ಆಕಾರ ಬಂದದ್ದು ಆ ಮಡಿಕೆಯಿಂದ. ಅಷ್ಟು ಪ್ರಾಚೀನ ಕಾಲದಲ್ಲಿ ಫಲಕಗಳು ಇಂದಿನ ರೀತಿಯಲ್ಲಿಯೇ ಚಲಿಸುತ್ತಿದ್ದವೇ ಎಂಬುದು ಭೂವಿಜ್ಞಾನಿಗಳ ನಡುವೆ ಇನ್ನೂ ಚರ್ಚೆಯಲ್ಲಿದೆ, ಈ ಪದರಗಳೂ ಸೇರಿದ ಧಾರವಾಡ ಶಿಲೆಗಳ ಅಧ್ಯಯನಕ್ಕೆ ಇಷ್ಟೊಂದು ಬೆಲೆಯಿರುವುದೂ ಅದಕ್ಕಾಗಿಯೇ. ಬಹುಕಾಲದ ಮೇಲೆ, ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿಕೊಂಡಿತು, ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಆಗ ಉಕ್ಕಿದ ಲಾವಾದ ಗುರುತು. ಬಳಿಕ ಉತ್ತರಕ್ಕೆ ಸಾಗಿದ ಭಾರತ ಫಲಕ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾವನ್ನು ಸಂಧಿಸಿ ಹಿಮಾಲಯವನ್ನು ಎಬ್ಬಿಸಿತು.

ಆ ಪಯಣ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಕೇಂದ್ರದ ಅಳತೆಯಂತೆ ಈ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ, ಹೆಬ್ಬೆಯೂ ಅದರೊಂದಿಗೆ ಹೊರಟಿದೆ. ಫಲಕದ ಅಂಚಿನಿಂದ ದೂರವಿದ್ದ ಕಿಲ್ಲಾರಿ ಊರನ್ನು 1993ರಲ್ಲಿ ಕೆಡವಿದ ಭೂಕಂಪದ ಹಿಂದೆಯೂ ಉತ್ತರದಲ್ಲಿ ಏಷ್ಯಾವನ್ನು ಒತ್ತುತ್ತಿರುವುದರಿಂದ ಹುಟ್ಟುವ ಒತ್ತಡವೇ ಇತ್ತು.